ಬೆನ್ನು, ಕುತ್ತಿಗೆ ನೋವಿಗೆ ಫಿಸಿಯೋಥೆರಪಿ ಜೊತೆ ಅಕ್ಯುಪಂಕ್ಚರ್ ಕೂಡ ಮಾಡಿಸಬಹುದೇ?

ಮಾಡಿಸಬಹುದು. ನಾನೂ ಮಾಡಿಸಿಕೊಂಡವಳೇ. ಆದರೆ ಎಕ್ಸರ್‌ಸೈಜ್ ಬಿಟ್ಟು ಸೂಜಿಯನ್ನೇ ನಂಬಿ ಕೂರಬೇಡಿ.

ನಾನು ಟೈಲರ್. 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ತಲೆ ತಗ್ಗಿಸಿಕೊಂಡು ಹೆಮ್ಮಿಂಗ್ ಮಾಡೋದು, ಹುಕ್ಕು ಹಾಕೋದು. ಮೊದಲು ಕುತ್ತಿಗೆ ಹಿಡಿಯಿತು, ಆಮೇಲೆ ಸೊಂಟ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕಿತ್ತು. ಎಕ್ಸರ್‌ಸೈಜ್ ಮಾಡಲು ಹೋದರೆ ನೋವು, ನೋವು ಅಂತ ಬಿಟ್ಟರೆ ಇನ್ನೂ ಬಿಗಿತ. ಕೊನೆಗೆ ಫಿಸಿಯೋ ಅವರೇ ಅಕ್ಯುಪಂಕ್ಚರ್ ಮಾಡಿಸಿ ನೋಡಿ ಅಂದರು.

ದಿನಾ ಸೂಜಿ ಹಿಡಿಯುವವಳು ನಾನು, ಆದರೂ ಮೊದಲ ದಿನ ಕೈ ಬೆವರಿತು. ಪ್ಯಾಕೆಟ್ ಒಡೆದು ತೆಗೆದಾಗ ನೋಡಿದರೆ ನಮ್ಮ ಕೈಹೊಲಿಗೆ ಸೂಜಿಗಿಂತ ಎಷ್ಟೋ ತೆಳ್ಳಗಿತ್ತು. ಕಾಲು ಮಿಲಿಮೀಟರ್ ಇರಬಹುದು. ದಾರ ಪೋಣಿಸುವ ಕಣ್ಣೂ ಇಲ್ಲ! ಹೆಗಲಿಗಷ್ಟೇ ಅಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ, ಮಂಡಿಯ ಹಿಂದೆ ಕೂಡ ಚುಚ್ಚಿದರು. ಚುರುಕ್ ಅನ್ನಲಿಲ್ಲ, ಒಳಗೆ ಏನೋ ಭಾರ, ಜೋಮು ಹಿಡಿದ ಹಾಗೆ. ನಾಲ್ಕನೇ ಸಲದ ಹೊತ್ತಿಗೆ ಕುತ್ತಿಗೆ ಸ್ವಲ್ಪ ಸಡಿಲವಾಯಿತು, ಎಕ್ಸರ್‌ಸೈಜ್ ಮಾಡುವಷ್ಟು. ನನಗೆ ಆದ ಲಾಭ ಅಷ್ಟೇ, ಅದು ಸಣ್ಣದೇನಲ್ಲ.

ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ. 2007ರಲ್ಲಿ ಜರ್ಮನಿಯವರು ಸೊಂಟ ನೋವಿನ 1,162 ಜನರ ಮೇಲೆ ನಡೆಸಿದ ಪರೀಕ್ಷೆಯ ಬಗ್ಗೆ ಹೇಳಿದಳು. ಆರು ತಿಂಗಳ ನಂತರ ನೋಡಿದರೆ, ಸರಿಯಾದ ಜಾಗದಲ್ಲಿ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಜನರಿಗೆ ಗುಣ ಕಂಡಿತ್ತು. ಬೇರೆಲ್ಲೋ ಸುಮ್ನೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾತ್ರೆ, ಎಕ್ಸರ್‌ಸೈಜ್ ಇಂಥದ್ದರಲ್ಲೇ ಇದ್ದವರಲ್ಲಿ ಶೇ. 27.4. "ಹಾಗಾದರೆ ನನಗೆ ಎಲ್ಲಿ ಚುಚ್ಚಿದ್ದರೂ ಆಗುತ್ತಿತ್ತಾ?" ಅಂದೆ. ನಕ್ಕಳು. ಡಾಕ್ಟರುಗಳಲ್ಲೂ ಒಮ್ಮತ ಇಲ್ಲವಂತೆ. ಸೊಂಟ ನೋವಿಗೆ ಇದು ಬೇಡ ಅಂತ 2016ರಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಹೇಳಿತು, ಮಾಡಿಸಬಹುದು ಅಂತ 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನೋ ವೈದ್ಯರ ಸಂಘ ಹೇಳಿತು.

ಹಾಗಾಗಿ ಮೊದಲೇ ಪ್ಯಾಕೇಜ್ ದುಡ್ಡು ಕಟ್ಟಬೇಡಿ. ಐದಾರು ಸಲ ಮಾಡಿಸಿ, ಏನೂ ಅನ್ನಿಸದಿದ್ದರೆ ನಿಲ್ಲಿಸಿ. ಸೂಜಿ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿ. ಕಲಿತವರ ಹತ್ತಿರವೇ ಹೋಗಿ. ಅಪರೂಪಕ್ಕೆ ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಆಳಕ್ಕೆ ಇಳಿದು ಶ್ವಾಸಕೋಶಕ್ಕೆ ತಗುಲಿದ್ದೂ ಉಂಟು. ಕಾಲಿನ ಶಕ್ತಿ ಹೋಗುತ್ತಿದ್ದರೆ, ಮೂತ್ರ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಸೂಜಿ ಗೀಜಿ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ನೀವು ಏನು ಕೆಲಸ ಮಾಡುತ್ತೀರಿ ಅಂತ ಬರೆದಿಲ್ಲ. ನಾನೀಗ ತೊಡೆ ಮೇಲೆ ದಿಂಬು ಇಟ್ಟು, ಅದರ ಮೇಲೆ ಬಟ್ಟೆ ಹರಡಿಕೊಂಡು ಹೆಮ್ಮಿಂಗ್ ಮಾಡುತ್ತೇನೆ. ಕುತ್ತಿಗೆಯನ್ನು ಮೊದಲಿನಷ್ಟು ಬಗ್ಗಿಸಬೇಕಾಗುವುದಿಲ್ಲ.