ಅಕ್ಕನ ಸಾಮಾನು ಲೆಕ್ಕಕ್ಕಿಲ್ಲವೇ?

ನಿಮ್ಮ ಪತ್ರ ಓದಿ ಎದ್ದುಹೋಗಿ ನನ್ನ ಬೀರುವಿನ ಬಾಗಿಲು ತೆಗೆದು ನೋಡಿ ಬಂದೆ. ಅಷ್ಟು ತಟ್ಟಿತು.

ಮೂರಡಿ ಅಗಲದ ಒಂದೇ ಕಪಾಟು, ನೀವಿಬ್ಬರು. ವರ್ಷದಲ್ಲಿ ನಾಲ್ಕು ಸಲ ಎಲ್ಲ ಹೊರಗೆ ಹಾಕಿ ಜೋಡಿಸಿದ್ದೀರಿ. ಡಬ್ಬಿ ತಂದಿರಿ, ತೆಳ್ಳನೆ ಹ್ಯಾಂಗರ್ ತಂದಿರಿ. ವಾರ ಕಳೆಯುವುದರೊಳಗೆ ಬಾಗಿಲು ಮತ್ತೆ ಮುಚ್ಚಲೊಲ್ಲದು. "ನಿನಗೆ ಓರಣವೇ ಗೊತ್ತಿಲ್ಲ" ಎಂದು ಗಂಡ ಅಂದರಂತೆ, ಅವತ್ತು ನಿದ್ದೆ ಬರಲಿಲ್ಲವಂತೆ. ನನ್ನಲ್ಲೇ ಏನೋ ಕೊರತೆ ಇರಬೇಕು ಎಂದಿದ್ದೀರಿ.

ಖಂಡಿತ ಇಲ್ಲ. ಪತ್ರದ ತುದಿಯಲ್ಲಿ ಒಂದು ಸಾಲಿದೆ ನೋಡಿ: "ಮೇಲಿನ ಎರಡು ಅರೆಯಲ್ಲಿ ಅಕ್ಕನ ಸಾಮಾನಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ."

ನಾನು ಹಿಡಿಯುವುದೇ ಅದನ್ನು. ಇರುವ ನಾಲ್ಕು ಅರೆಯಲ್ಲಿ ಎರಡು ಆಕೆಯದು! ಮನೆ ಬದಲಿಸುವಾಗ ಒಂದು ತಿಂಗಳ ಮಟ್ಟಿಗೆ ಎಂದು ಇಟ್ಟುಹೋಗಿ ಆರು ವರ್ಷವಾಯಿತು. ನಿಮ್ಮ ದಿನಬಳಕೆಯ ಬಟ್ಟೆ ಮಾತ್ರ ಕುರ್ಚಿಯ ಬೆನ್ನ ಮೇಲೆ, ಒಂದರ ಮೇಲೊಂದು, ಅಡಿಯದ್ದನ್ನು ಎಳೆದರೆ ಎಲ್ಲವೂ ನೆಲಕ್ಕೆ. ನಿಮ್ಮ ಗಂಡ ನೋಡಿದ್ದು ಆ ಕುರ್ಚಿಯನ್ನು, ಹಾಗಾಗಿ ಅವರ ಮೇಲೆ ನನಗೆ ಅಷ್ಟು ಬೇಸರವಿಲ್ಲ. ಅಕ್ಕನ ಮೇಲಿದೆ. ತಂಗಿ ಬಾಯಿಬಿಟ್ಟು ಕೇಳುವವಳಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತು.

ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಡಬ್ಬಿ ಜಾಗ ಕೊಡುವುದಿಲ್ಲ, ತಾನೂ ಒಂದಿಷ್ಟು ಜಾಗ ತಿನ್ನುತ್ತದೆ. ಕಪಾಟು ಖಾಲಿ ಮಾಡುವ ಮೊದಲು ಡಬ್ಬಿ ಕೊಳ್ಳಲೇಬಾರದು.

ಇನ್ನೊಂದು. ಅಕ್ಕನ ಅರೆಯಲ್ಲಿರುವ ಉಣ್ಣೆಯ ಸ್ವೆಟರುಗಳನ್ನು ಒಗೆಯದೆ ಕಟ್ಟಿಟ್ಟಿದ್ದಾರೆ ಎಂದಿದ್ದೀರಿ. ನುಸಿ ಹುಳುವಿಗೆ ಬೇಕಾದದ್ದೇ ಅದು: ಬೆವರು, ಕಲೆ ಹಿಡಿದ ಉಣ್ಣೆ, ಕತ್ತಲು, ಯಾರೂ ಕೈಯಾಡಿಸದ ಮೂಲೆ. ಹಾರುವ ಪತಂಗ ಬಟ್ಟೆ ತಿನ್ನುವುದಿಲ್ಲ, ಅದರ ಮರಿಹುಳು ತಿನ್ನುತ್ತದೆ. ಅಲ್ಲಿಂದ ನಿಮ್ಮ ಅರೆಗೆ ಎಷ್ಟು ದೂರ? ನೀವು ಇಟ್ಟಿರುವ ನುಸಿಗುಳಿಗೆಯ ಆವಿ ಉಸಿರಿಗೆ ಒಳ್ಳೆಯದಲ್ಲ, ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ. ಇವತ್ತೇ ತೆಗೆಯಿರಿ.

ಬಾಗಿಲು ಮುಚ್ಚದಿರುವುದಕ್ಕೂ ನೀವು ಹೊಣೆಯಲ್ಲ. ಹ್ಯಾಂಗರ್ ಆರಾಮಾಗಿ ನಿಲ್ಲಲು ಸುಮಾರು 60 ಸೆಂಟಿಮೀಟರ್ ಆಳ ಬೇಕು, ನಿಮ್ಮದು 45 ಇದೆ. ದಪ್ಪ ಭುಜದ ಕೋಟುಗಳನ್ನು ಕೋಣೆಯ ಬಾಗಿಲ ಹಿಂದಿನ ಕೊಕ್ಕೆಗೆ ಹಾಕಿ. ಸ್ವೆಟರನ್ನು ತೂಗುಹಾಕಬೇಡಿ, ತನ್ನ ಭಾರಕ್ಕೆ ತಾನೇ ಜಗ್ಗಿ ಭುಜದಲ್ಲಿ ಗುಬುಟು ಏಳುತ್ತದೆ. ಮಡಚಿಡಿ.

ಮಾಡಬೇಕಾದ ಕೆಲಸ ಮಾತ್ರ ಒಂದೇ. ಈ ರಾತ್ರಿ ಅಕ್ಕನಿಗೆ ಫೋನ್ ಮಾಡಿ. ಕ್ಷಮೆ ಕೇಳಬೇಡಿ, ಪೀಠಿಕೆ ಹಾಕಬೇಡಿ. "ಅಕ್ಕಾ, ಮುಂದಿನ ತಿಂಗಳ ಮೊದಲ ಭಾನುವಾರದೊಳಗೆ ನಿನ್ನ ಸಾಮಾನು ತೆಗೆದುಕೊಂಡು ಹೋಗು, ನನಗೆ ಜಾಗ ಬೇಕು" ಎನ್ನಿ. ಆಕೆ ಇನ್ನೊಂದು ತಿಂಗಳು ಅಂದರೆ, ಯಾವ ವಿಳಾಸಕ್ಕೆ ಕಳಿಸಲಿ ಎಂದು ಕೇಳಿ ಬರೆದುಕೊಳ್ಳಿ.