ಕರೆಂಟ್ ಶಾಕ್ ಹೊಡೆದು ಆರು ತಿಂಗಳಾದ ಮೇಲೆ ಹೃದಯಕ್ಕೆ ತೊಂದರೆ ಬರಬಹುದೇ?

ನೀರು ಕಾಯಿಸುವ ಕಾಯಿಲ್ ಹಾಕಿದ್ದ ಬಕೆಟ್ಟಿಗೆ ಕೈಯಿಟ್ಟಾಗ ಶಾಕ್ ಹೊಡೆಯಿತು, ಎಚ್ಚರ ತಪ್ಪಲಿಲ್ಲ, ಅಂದೇ ತೆಗೆಸಿದ ಇಸಿಜಿ ಸರಿಯಾಗಿತ್ತು ಎಂದಿದ್ದೀರಿ. ಆದರೂ ಆರು ತಿಂಗಳಿಂದ ಆಗಾಗ ಎದೆ ಡವಡವ ಎನ್ನುತ್ತಿದೆ, ಹೃದಯ ಒಳಗೊಳಗೇ ಕೆಡುತ್ತಿದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ವೈದ್ಯ. ನೀವು ಕೊಟ್ಟ ವಿವರ ನೋಡಿದರೆ ಹಾಗಾಗಿರುವ ಸಾಧ್ಯತೆ ತೀರ ಕಡಿಮೆ.

ಮನೆಯ 230 ವೋಲ್ಟ್ ಕರೆಂಟಿನಿಂದ ಹೃದಯಕ್ಕಿರುವ ದೊಡ್ಡ ಅಪಾಯ ಹೊಡೆದ ಗಳಿಗೆಯಲ್ಲೇ. ಪ್ರತಿ ಬಡಿತ ಮುಗಿಯುವಾಗ ಹೃದಯದ ಸ್ನಾಯು ಮುಂದಿನ ಬಡಿತಕ್ಕೆ ಸಜ್ಜಾಗುವ ಒಂದು ಚಿಕ್ಕ ಅವಧಿಯಿದೆ. ಆಗ ಎದೆಯ ಮೂಲಕ ಸಾಕಷ್ಟು ಕರೆಂಟು ಹಾಯ್ದರೆ ಕೆಳಗಿನ ಕೋಣೆಗಳು ಲಯ ತಪ್ಪಿ ಬರೀ ಅದುರತೊಡಗುತ್ತವೆ, ರಕ್ತ ಮುಂದೆ ಹೋಗುವುದಿಲ್ಲ. ತಂತಿ ಹಿಡಿದವರು ಬಿಡಿಸಿಕೊಳ್ಳಲಾಗದೆ ಒಂದೆರಡು ಸೆಕೆಂಡು ಸಿಕ್ಕಿಕೊಂಡರೆ ಆ ಅವಧಿ ಬಂದೇ ಬರುತ್ತದೆ. ಸಾವು ಸಂಭವಿಸುವುದು ಹೆಚ್ಚಾಗಿ ಹೀಗೆ. ನೀವು ಅದನ್ನು ದಾಟಿ ಬಂದಿದ್ದೀರಿ. ಕೈ ತೆಗೆದ ಮೇಲೆ ಕರೆಂಟು ಮೈಯಲ್ಲಿ ಉಳಿಯುವುದಿಲ್ಲ.

ಡೆನ್ಮಾರ್ಕಿನಲ್ಲಿ 1994ರಿಂದ 2011ರವರೆಗೆ ಶಾಕ್ ಹೊಡೆದು ಆಸ್ಪತ್ರೆಗೆ ಬಂದ 11 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ಅವಧಿಯಲ್ಲಿ ಅವರ ಹೃದಯದ ತೊಂದರೆಗಳು ಶಾಕ್ ಹೊಡೆಯದವರಿಗಿಂತ ಹೆಚ್ಚಿರಲಿಲ್ಲ.

11 ಸಾವಿರ ವೋಲ್ಟಿನ ಲೈನ್ ತಗುಲಿದವರ ವಿಚಾರ ಬೇರೆ. ಅಲ್ಲಿ ಹೃದಯದ ಸ್ನಾಯುವೇ ಸುಟ್ಟು ಕಲೆ ಉಳಿಯಬಹುದು, ಲಯದ ತೊಂದರೆಯೂ ಮುಂದುವರಿಯಬಹುದು. ಶಾಕ್ ಹೊಡೆದಾಗ ಪ್ರಜ್ಞೆ ತಪ್ಪಿದವರು, ಇಸಿಜಿಯಲ್ಲಿ ಬದಲಾವಣೆ ಕಂಡವರು, ಮೊದಲೇ ಹೃದ್ರೋಗ ಇದ್ದವರು ಹೃದ್ರೋಗ ತಜ್ಞರ ನಿಗಾದಲ್ಲಿರಬೇಕು.

ಹಾಗಾದರೆ ನಿಮ್ಮ ಎದೆಬಡಿತ? ಅದು ಸುಳ್ಳೆಂದು ನಾನು ಖಂಡಿತ ಹೇಳುವುದಿಲ್ಲ. ಸಾವಿನ ಬಾಯಿಂದ ಬಂದವರಿಗೆ ಭಯ, ನಿದ್ರೆಗೇಡು, ಸ್ವಿಚ್ ಮುಟ್ಟಲೂ ಅಂಜಿಕೆ ತಿಂಗಳುಗಟ್ಟಲೆ ಉಳಿಯಬಹುದು, ಅದರಿಂದಲೂ ಎದೆ ಡವಡವ ಎನ್ನಬಹುದು. ಅದಕ್ಕೂ ಚಿಕಿತ್ಸೆಯಿದೆ, ಸಂಕೋಚಪಡಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಹೀಗಾಗಬಹುದು, ಅವುಗಳ ಪರೀಕ್ಷೆ ಮಾಡಿಸಿ. ಬಡಿತ ಪದೇ ಪದೇ ಏರುತ್ತಿದ್ದರೆ 24 ಗಂಟೆ ಬಡಿತವನ್ನು ದಾಖಲಿಸುವ ಹೋಲ್ಟರ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ತಲೆಸುತ್ತಿ ಬಿದ್ದರೆ, ನಡೆಯುವಾಗ ಎದೆನೋವು ಬಂದರೆ ಮಾತ್ರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಆ ಕಾಯಿಲನ್ನು ಇನ್ನೂ ಬಳಸುತ್ತಿದ್ದೀರಾ? ದಯವಿಟ್ಟು ಬಿಸಾಡಿ. ಮನೆಯ ಅರ್ಥಿಂಗ್ ತಪಾಸಣೆ ಮಾಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕೂಡಲೇ ಸರಬರಾಜು ಕಡಿಯುವ ಸ್ವಿಚ್) ಹಾಕಿಸಿ. ಎಂಸಿಬಿ (ಮಿತಿ ಮೀರಿ ಕರೆಂಟು ಹರಿದಾಗ ಬೀಳುವ ಸ್ವಿಚ್) ಇದೆಯಲ್ಲ ಎಂದು ಸುಮ್ಮನಿರಬೇಡಿ. ಮನುಷ್ಯನನ್ನು ಕೊಲ್ಲುವಷ್ಟು ಕರೆಂಟು ಅದನ್ನು ಬೀಳಿಸಲು ಸಾಲುವುದಿಲ್ಲ.