ಐದನೇ ಸಂಚಿಕೆ ಇಲ್ಲವೇ ಇಲ್ಲ ಕಣ್ರೀ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಕೇಳಿದವರು ಮಾತ್ರ ಬೇರೆ ಬೇರೆ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲವೂ ಅಮೆರಿಕದ ಮಾರ್ವೆಲ್ ಕಂಪನಿಯ ಕಾಮಿಕ್ಸ್ ಬಗ್ಗೆ. ವುಲ್ವರೀನ್ ಅಂದರೆ ಕೈಯಿಂದ ಉಕ್ಕಿನ ಉಗುರು ಹೊರಬರುವ ನಾಯಕ, ಎಕ್ಸ್-ಮೆನ್ ಅವನಿರುವ ತಂಡ. ಇದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ. ಗೊತ್ತಿಲ್ಲದಿದ್ದರೆ ಮನೆಯಲ್ಲಿರುವ ಮಕ್ಕಳನ್ನು ಕೇಳಿ.

ಪ್ರಶ್ನೆ: ವುಲ್ವರೀನ್ ಲಿಮಿಟೆಡ್ ಸೀರೀಸ್‌ನ ನಾಲ್ಕು ಸಂಚಿಕೆ ನನ್ನ ಹತ್ತಿರ ಇವೆ. ಐದನೆಯದು ತುಂಬಾ ಅಪರೂಪ, ಮೂರು ಸಾವಿರ ಕೊಟ್ಟರೆ ತರಿಸಿಕೊಡುತ್ತೇನೆ ಅಂತ ಹಳೇ ಪುಸ್ತಕ ಮಾರುವವರೊಬ್ಬರು ಹೇಳುತ್ತಿದ್ದಾರೆ. ಕೊಡಬಹುದಾ ಸರ್?
– ಕಾಲೇಜು ವಿದ್ಯಾರ್ಥಿ, ಮಂಡ್ಯ

ಉತ್ತರ: ಕೊಡಬೇಡಿ. ಆ ದುಡ್ಡಲ್ಲಿ ವರ್ಷವಿಡೀ ಮೈಸೂರಿಗೆ ರೈಲಲ್ಲಿ ಓಡಾಡಬಹುದು.

ಐದನೇ ಸಂಚಿಕೆ ಅಪರೂಪ ಅಲ್ಲಪ್ಪಾ, ಅದು ಇಲ್ಲವೇ ಇಲ್ಲ. 1982ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಾಲ್ಕು ತಿಂಗಳು, ನಾಲ್ಕು ಸಂಚಿಕೆ, ಮುಗಿಯಿತು. ಬರೆದವರು ಕ್ರಿಸ್ ಕ್ಲೇರ್‌ಮಾಂಟ್, ಚಿತ್ರ ಫ್ರಾಂಕ್ ಮಿಲ್ಲರ್ ಅವರದು. ಲಿಮಿಟೆಡ್ ಅಂತ ಹೆಸರಲ್ಲೇ ಇದೆ ಅಲ್ವಾ? ಇಷ್ಟೇ ಸಂಚಿಕೆ ಅಂತ ಮೊದಲೇ ಲೆಕ್ಕ ಹಾಕಿ ಶುರುಮಾಡಿದ ಕಥೆ ಅದು. ಆಗ ಇದೇ ಹೊಸದು. ಮಾರ್ವೆಲ್‌ನ ಮೊದಲ ಲಿಮಿಟೆಡ್ ಸೀರೀಸ್ ಬಂದದ್ದೇ ಆ ವರ್ಷ, ಅದು ಬರೀ ಮೂರು ಸಂಚಿಕೆಯದು.

ಹಾಗಾದರೆ ಆ ಪುಣ್ಯಾತ್ಮರ ಕೈಯಲ್ಲಿರುವುದು ಏನು? 1988ರ ನವೆಂಬರ್‌ನಲ್ಲಿ ವುಲ್ವರೀನ್ ಹೆಸರಲ್ಲೇ ಇನ್ನೊಂದು ಪತ್ರಿಕೆ ಶುರುವಾಯಿತು. ಮತ್ತೆ ಒಂದರಿಂದಲೇ ನಂಬರ್. ಅದು ತಿಂಗಳು ತಿಂಗಳು ವರ್ಷಗಟ್ಟಲೆ ಬಂತು. ಅದರಲ್ಲಿ ಇವನು ಮ್ಯಾಡ್ರಿಪೂರ್ ಅನ್ನುವ ಊರಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಿರುಗುತ್ತಾನೆ. ಅದರ ಐದನೇ ಸಂಚಿಕೆಯನ್ನು ನಿಮ್ಮ ನಾಲ್ಕರ ಪಕ್ಕ ಇಟ್ಟರೆ, ಒಂದು ಮನೆಯ ಜಾತಕ ಇನ್ನೊಂದು ಮನೆಗೆ ಕೊಟ್ಟ ಹಾಗೆ. ಒಳಗೆ ಮೊದಲ ಪುಟಗಳಲ್ಲಿ ಒಂದರ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ ಇರುತ್ತದೆ. ತಿಂಗಳು, ವರ್ಷ ಎರಡೂ ಅಲ್ಲಿ ಸಿಗುತ್ತವೆ. ದುಡ್ಡು ತೆಗೆಯುವ ಮೊದಲು ಅದನ್ನು ಓದಿ. ಪುಸ್ತಕ ಬಿಚ್ಚೋಕೆ ಬಿಡದವರ ಹತ್ತಿರ ವ್ಯವಹಾರವೇ ಬೇಡ.

ನನಗೆ ಸಿಟ್ಟು ಬರಲು ಕಾರಣ ಇದೆ. ಪಿಯುಸಿ ಓದುವಾಗ ಮೈಸೂರಿನ ಚಿಕ್ಕ ಗಡಿಯಾರದ ಹತ್ತಿರ ಫುಟ್‌ಪಾತ್‌ನಲ್ಲಿ ಇದೇ ಸೀರೀಸ್‌ನ ಮೂರು ಸಂಚಿಕೆ ಕೊಂಡಿದ್ದೆ. ‘ನಾಲ್ಕನೇದು ಮುಂದಿನ ಭಾನುವಾರ ತರ್ತೀನಿ’ ಅಂದಿದ್ದರು. ಆ ಭಾನುವಾರ ಬರುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು, ಅದೂ ಬೆಂಗಳೂರಲ್ಲಿ.

ನಿಮ್ಮ ಹತ್ತಿರ ನಾಲ್ಕೂ ಇವೆ. ಓದಿದಿರಾ? ಪ್ರಶ್ನೆಯಲ್ಲಿ ಕಥೆಯ ಬಗ್ಗೆ ಒಂದು ಮಾತೂ ಇಲ್ಲ, ಅದಕ್ಕೆ ಕೇಳಿದೆ. ಮೊದಲ ಸಂಚಿಕೆಯಲ್ಲಿ ಒಂದು ಕಾಳಗ ಇದೆ. ಪ್ರೀತಿಸಿದ ಮಾರಿಕೋಗೆ ಬರೆದ ಕಾಗದಗಳು ಒಡೆಯದೆ ವಾಪಸ್ ಬರುತ್ತವೆ. ಇವನು ಜಪಾನಿಗೆ ಹೋಗುತ್ತಾನೆ. ನೋಡಿದರೆ ಅವಳಿಗೆ ಮದುವೆಯಾಗಿದೆ, ಗಂಡ ಹೊಡೆದ ಗುರುತು ಮುಖದ ಮೇಲಿದೆ. ಅವಳ ಅಪ್ಪ ಶಿಂಗೆನ್ ಇವನ ಕೈಗೆ ಕೊಡುವುದು ಮರದ ಕತ್ತಿ. ಮೈಯಲ್ಲಿ ವಿಷ ಏರಿದೆ, ನೆಟ್ಟಗೆ ನಿಲ್ಲಲೂ ಆಗುತ್ತಿಲ್ಲ. ಏಟು ತಡೆಯಲಾರದೆ ಕೊನೆಗೆ ಉಗುರು ಹೊರಗೆ ಬರುತ್ತದೆ. ಮರದ ಕತ್ತಿಯ ಎದುರು ಉಕ್ಕಿನ ಉಗುರು, ನೋಡುತ್ತಿರುವವಳು ಮಾರಿಕೋ. ಅವನು ಸೋತದ್ದು ಏಟಿನಿಂದಲ್ಲ, ಆ ಉಗುರಿನಿಂದ. ಶಿಂಗೆನ್‌ಗೆ ಬೇಕಾಗಿದ್ದೂ ಅದೇ.

ತಂಡದ ಪತ್ರಿಕೆಯಲ್ಲಿ ಇದಕ್ಕೆ ಜಾಗ ಎಲ್ಲಿ? ಏಳೆಂಟು ಜನರಿಗೆ ಒಂದೊಂದು ಮಾತು ಕೊಡುವಷ್ಟರಲ್ಲಿ ಪುಟ ಮುಗಿದಿರುತ್ತದೆ. ಅಲ್ಲಿ ಅವನು ಮೂಲೆಯಲ್ಲಿ ನಿಂತು ಗುರ್ ಅನ್ನುವವನು. ಇಲ್ಲಿ ನಾಲ್ಕು ಸಂಚಿಕೆ ಒಬ್ಬನೇ ನಿಲ್ಲಬೇಕು, ಬಿದ್ದರೆ ಎತ್ತುವುದಕ್ಕೆ ಸ್ಟಾರ್ಮ್ ಇಲ್ಲ, ಸೈಕ್ಲಾಪ್ಸ್ ಇಲ್ಲ.

ಮುಂದೇನು ಅಂತ ತಡೆಯೋಕಾಗದಿದ್ದರೆ ದಾರಿ ಇದೆ. ನಾಲ್ಕನೆಯದರ ಕೊನೆಯಲ್ಲಿ ಎಕ್ಸ್-ಮೆನ್‌ಗೆ ವುಲ್ವರೀನ್ ಮತ್ತು ಮಾರಿಕೋ ಅವರ ಲಗ್ನಪತ್ರಿಕೆ ಹೋಗುತ್ತದೆ. ಆ ಮದುವೆಯ ಕಥೆ ಇರುವುದು 1983ರ ಅನ್‌ಕ್ಯಾನಿ ಎಕ್ಸ್-ಮೆನ್ 172 ಮತ್ತು 173ನೇ ಸಂಚಿಕೆಗಳಲ್ಲಿ. ಐದನೆಯದು ಅಂತ ಹಟ ಹಿಡಿದರೆ ಇದನ್ನೇ ಐದನೆಯದು ಅಂದುಕೊಳ್ಳಿ. ನಾಲ್ಕೂ ಸೇರಿಸಿ ಈ ಎರಡನ್ನೂ ಹಾಕಿದ ಒಂದೇ ಪುಸ್ತಕವೂ ಬಂದಿದೆ. ಬರೀ ಓದುವುದಕ್ಕಾದರೆ ಅದು ಸಾಕು.

ಪ್ರಶ್ನೆ: ಹೀಗೆ ಯಾವುದಾದರೂ ತಂಡದಲ್ಲಿರುವ ಬೇರೆ ಯಾರ ಸೀರೀಸ್ ಓದಬಹುದು?
– ಕುವೆಂಪುನಗರ, ಮೈಸೂರು

ಉತ್ತರ: ಅವೆಂಜರ್ಸ್ ತಂಡದ ಬಿಲ್ಲುಗಾರ ಹಾಕ್ಐ, 1983, ನಾಲ್ಕು ಸಂಚಿಕೆ. ಮಾರ್ಕ್ ಗ್ರುಯೆನ್‌ವಾಲ್ಡ್ ಬರೆದದ್ದು. ಶಬ್ದದಿಂದಲೇ ಮನಸ್ಸು ಕೆಡಿಸುವ ಯಂತ್ರವೊಂದರಿಂದ ತಪ್ಪಿಸಿಕೊಳ್ಳಲು ಹಾಕ್ಐ ಕಿರುಚುವ ಬಾಣದ ತುದಿಯನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಾನೆ. ಬುದ್ಧಿ ಉಳಿಯುತ್ತದೆ, ಕಿವಿ ಹೋಗುತ್ತದೆ. ಅಲ್ಲಿಂದ ಮುಂದೆ ಕಿವಿಗೆ ಮಷಿನ್ ಹಾಕಿಕೊಂಡೇ ಅವೆಂಜರ್ಸ್ ಕೆಲಸ. ನಮ್ಮ ತಾತನಿಗೂ ಕಿವಿ ಮಷಿನ್ ಇತ್ತು, ಬೇಡದ ಮಾತು ಬಂದಾಗ ಆಫ್ ಮಾಡಿಬಿಡುತ್ತಿದ್ದರು.

2015-16ರ ವಿಷನ್, ಹನ್ನೆರಡು ಸಂಚಿಕೆ, ಬರೆದವರು ಟಾಮ್ ಕಿಂಗ್. ಯಂತ್ರಮನುಷ್ಯ ಹೆಂಡತಿ ಮಕ್ಕಳನ್ನು ತಾನೇ ತಯಾರು ಮಾಡಿಕೊಂಡು ಬಡಾವಣೆಯಲ್ಲಿ ಮನೆ ಮಾಡುತ್ತಾನೆ. ಹೊಡೆದಾಟ ಕಡಿಮೆ, ಭಯ ಜಾಸ್ತಿ. 2017ರಲ್ಲಿ ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಬಂತು. ರಾತ್ರಿ ಒಬ್ಬರೇ ಇದ್ದಾಗ ಓದಬೇಡಿ. ಕಿಟ್ಟಿ ಪ್ರೈಡ್ ಆಂಡ್ ವುಲ್ವರೀನ್, ಆರು ಸಂಚಿಕೆ, ಎಕ್ಸ್-ಮೆನ್ ಹುಡುಗಿ ಕಿಟ್ಟಿಗೋಸ್ಕರ ಓದಿ. ಐಸ್‌ಮ್ಯಾನ್ ಸೀರೀಸ್ ಪುಕ್ಕಟೆ ಸಿಕ್ಕರೆ ನೋಡೋಣ.

ಪ್ರಶ್ನೆ: 2013ರ ವುಲ್ವರೀನ್ ಸಿನಿಮಾ ನೋಡಿದ್ದೇನೆ. ಪುಸ್ತಕ ಬೇರೆ ಓದಬೇಕಾ?

ಉತ್ತರ: ಸಿನಿಮಾ ಅಲ್ಲಿಂದ ಜಪಾನ್ ಮತ್ತು ನಾಲ್ಕಾರು ಜನರನ್ನು ಎತ್ತಿಕೊಂಡಿದೆ, ಅಷ್ಟೇ. ಓದಿ.

ಪ್ರಶ್ನೆ: ಹಾಳಾಗದಿರಲಿ ಅಂತ ಮುಖಪುಟ ಲ್ಯಾಮಿನೇಷನ್ ಮಾಡಿಸಬಹುದಾ? ಅರಿಶಿನ ಉದುರಿಸಿ ಅಂತಲೂ ಒಬ್ಬರು ಹೇಳಿದರು.

ಉತ್ತರ: ಲ್ಯಾಮಿನೇಷನ್ ರೇಷನ್ ಕಾರ್ಡಿಗೆ. ಒಂದು ಸಲ ಅಂಟಿದ್ದು ಮತ್ತೆ ಬಿಡುವುದಿಲ್ಲ. ಕವರ್‌ಗೆ ಹಾಕಿ, ಬಿಸಿಲು ಬೀಳದ ಕಡೆ ಇಡಿ. ಅರಿಶಿನ ಉದುರಿಸಿ ಅಂತ ಹೇಳಿಕೊಟ್ಟವರು ಯಾರೋ, ಅವರ ಪುಸ್ತಕಗಳಿಗೆ ಉದುರಿಸಿಕೊಳ್ಳಲಿ.

ಪ್ರಶ್ನೆ: ಈಗ ಕೊಂಡಿಟ್ಟರೆ ಹತ್ತು ವರ್ಷಕ್ಕೆ ರೇಟ್ ಎಷ್ಟಾಗಬಹುದು?

ಉತ್ತರ: ಚಿನ್ನದ ಅಂಗಡಿಗೆ ಹೋಗಿ.

ಪ್ರಶ್ನೆ: ನಿಮ್ಮ ಹತ್ತಿರ ಇರುವ 1982ರ ಸೆಟ್ ಓದಲು ಕೊಡುತ್ತೀರಾ? ಎರಡೇ ದಿನ ಸರ್.
– ಸರಸ್ವತಿಪುರಂ, ಮೈಸೂರು

ಉತ್ತರ: ಇಲ್ಲ. ಮನೆಗೆ ಬಂದು ಇಲ್ಲೇ ಕೂತು ಓದಿ. ಕೈ ತೊಳೆದು, ಒರೆಸಿಕೊಂಡು ಕೂರಬೇಕು. ಕಾಫಿ ಓದಿ ಮುಗಿಸಿದ ಮೇಲೆ.